ನಾಲ್ಕು ಮನೆ ದೂರದ ಬುಧ

ಪಿರಿಯಾಪಟ್ಟಣ,
ಗೌರಿ ಹಬ್ಬ ಮುಗಿದ ವಾರ

ಅವ್ವನಿಗೆ ಸರ್ವಮಂಗಳ ಮಾಡುವ ನಮಸ್ಕಾರ.

ನಾಲ್ಕು ಮನೆ ಆಚೆಯಿಂದ ಕಾಗದ ಯಾಕೆ ಅಂತ ನಗಬೇಡ. ಎದುರು ನಿಂತು ಹೇಳಲು ಬಂದರೆ, "ಒಲೆ ಮೇಲೆ ಹಾಲಯ್ತೆ, ವಸಿ ನೋಡ್ಕೊ ಕಣವ್ವ" ಅನ್ನುತ್ತೀಯ.

ತಂಗಿ ಪದ್ಮಶ್ರೀಯ ಬಾಗಿನವನ್ನು ಅವಳ ಗಂಡನ ಮನೆಗೆ, ಮಿರ್ಲೆಗೆ, ಹಬ್ಬದ ಹಿಂದಿನ ದಿನವೇ ತಲುಪಿಸಿದೆ. ಎರಡು ಕಡೆ ಬಸ್ಸು ಬದಲಿಸಿದರೂ ಮೊರದೊಳಗಿನ ಬಳೆ ಒಂದೂ ಒಡೆದಿಲ್ಲ. ನೀನು ಇಟ್ಟ ರೇಷ್ಮೆ ಸೀರೆಯನ್ನು ಅವಳು ಬೀದಿಗೆಲ್ಲ ತೋರಿಸಿದಳು. ಅದರ ಅಂಚಿನ ಬಣ್ಣ ನನಗೂ ಒಪ್ಪುತ್ತಿತ್ತು. ನೂಲಿನ ಸೀರೆಯಿಟ್ಟ ನನ್ನ ಬಾಗಿನ ನಿನ್ನ ಹಿತ್ತಿಲ ಜಗಲಿ ಮೇಲಿತ್ತು. "ಓಗ್ತಾ ಎತ್ಕೊಂಡೋಗು" ಅಂದೆ ನೀನು.

ನೆನ್ನೆ ಶಾಲೆಯಲ್ಲಿ ಬುಧ ಗ್ರಹದ ಪಾಠ ಮಾಡಿದೆ. ಸೂರ್ಯನಿಗೆ ತೀರ ಹತ್ತಿರವಿರುವ ಪುಟ್ಟ ಕಲ್ಲುಗ್ರಹ ಅದು. ಹಾಗಾದರೆ ಅದೇ ಎಲ್ಲಕ್ಕಿಂತ ಬಿಸಿ ಅಂತ ಮಕ್ಕಳು ಕೂಗಿದರು. ಅಲ್ಲ, ಅದರಾಚೆಗಿರುವ ಶುಕ್ರನೇ ಹೆಚ್ಚು ಬಿಸಿ ಎಂದೆ. ಬುಧನಿಗೆ ಹೊದ್ದುಕೊಳ್ಳಲು ಗಾಳಿಯಿಲ್ಲ, ಹಗಲು ಸುಟ್ಟ ಮೈ ರಾತ್ರಿ ಚಳಿಗೆ ಮರಗಟ್ಟುತ್ತದೆ ಎಂದು ಹೇಳಿ, ಹಲಗೆಯತ್ತ ತಿರುಗಿ ಕಣ್ಣೊರೆಸಿಕೊಂಡೆ. ಸೀಮೆಸುಣ್ಣದ ಧೂಳು ಎಂದು ಮಕ್ಕಳಿಗೆ ಸುಳ್ಳು ಹೇಳಿದೆ.

ತಂಗಿಗೆ ರೇಷ್ಮೆ ಕೊಡಬೇಡ ಅನ್ನುತ್ತಿಲ್ಲ. ನನ್ನದು ನೂಲಿನ ಸೀರೆಯೇ ಇರಲಿ. ಬರುವ ವರ್ಷ ಅದನ್ನು ನೀನೇ ಹೊತ್ತು ತಂದು ನಮ್ಮ ಮುಂಬಾಗಿಲಲ್ಲಿ ನಿಂತು ಕೊಡು, ಬೀದಿಯವರು ನೋಡಲಿ.

ಪಾಪ, ಸೂರ್ಯನಿಗೆ ನಡೆಯಲು ಬಾರದು. ನಿನಗೆ ನಾಲ್ಕೇ ಮನೆ.

ನಿನ್ನ ಹಿರಿಮಗಳು,
ಸರ್ವಮಂಗಳ