ಬೆನ್ನಿನ ಭಾನುವಾರ

ಪೆಲಿಕನ್ ಹೆಡ್,
17 ಫೆಬ್ರವರಿ 2019

ನನ್ನ ಮುದ್ದು ತಂಗಿ ನರೆಲ್‌ಗೆ,

ನಿನ್ನ ಹುಟ್ಟುಹಬ್ಬ ಬಂದು ಹೋಯಿತು, ಕ್ರಿಸ್‌ಮಸ್‌ಗೆ ನೀನು ಕಳಿಸಿದ್ದ ಚೆರ್ರಿ ಜಾಮ್ ತಳ ಕಂಡಿತು, ಈ ಅಕ್ಕನಿಂದ ಮಾತ್ರ ಒಂದು ಸಾಲೂ ಬರಲಿಲ್ಲ. ಬೈಯುವುದಿದ್ದರೆ ಬೈದು ಮುಗಿಸು, ಕಾಯುತ್ತೇನೆ. ಮುಗಿಯಿತೇ? ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ ಬಾಯಿ ಹಾಕುತ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ.

ನೀನು ಪುಟ ಹಾರಿಸಿ ಓದುವವಳು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ. ಬೆನ್ನಿನ ಮೇಲಿನ ಒಂದು ಮಚ್ಚೆ ಕ್ಯಾನ್ಸರ್ ಎಂದು ಗೊತ್ತಾಯಿತು, ತೆಗೆದುಹಾಕಿದರು, ಮುಗಿಯಿತು. ಈಗ ನೀರು ಕುಡಿದು ನಿಧಾನವಾಗಿ ಓದು.

ಮರ್ವ್ ತೀರಿಕೊಂಡ ಮೇಲೆ ಬೆಳಗಿನ ಹೊತ್ತು ಗಂಡನಿಲ್ಲದ ಮನೆಯಲ್ಲಿ ಕೂರಲಾಗದೆ, ಸಮುದ್ರದಂಚಿನ ಬಂಡೆಕೊಳದಲ್ಲಿ ಈಜುವ ಹೆಂಗಸರ ಗುಂಪು ಸೇರಿದೆನಲ್ಲ, ನಿನಗೆ ಗೊತ್ತು. ಆ ಗುಂಪಿನ ಯಜಮಾನಿ ಡಲ್ಸಿ. ಎಂಬತ್ತು ದಾಟಿದೆ, ಒಂದು ಕಾಲದಲ್ಲಿ ಹೋಟೆಲಿನಲ್ಲಿ ಅಡುಗೆಯವಳಾಗಿದ್ದಳು, ಈಗಲೂ ನಮ್ಮನ್ನೆಲ್ಲ ಪಾತ್ರೆ ತೊಳೆಯುವ ಹುಡುಗಿಯರಂತೆ ಗದರುತ್ತಾಳೆ. ಅವಳ ಕಾನೂನು ಏನೆಂದರೆ, ತಿಂಗಳ ಮೊದಲ ಭಾನುವಾರ ಈಜು ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಬೆನ್ನು ತೋರಿಸಬೇಕು. ತನ್ನ ಬೆನ್ನು ತನಗೆ ಕಾಣದು, ಪಕ್ಕದವಳಿಗೆ ಕಾಣುತ್ತದೆ. ಹೊಸದಾಗಿ ಹುಟ್ಟಿದ್ದು, ಬಣ್ಣವೋ ಆಕಾರವೋ ಬದಲಾದದ್ದು, ತುರಿಕೆ ಬಿಡದ್ದು, ಅಂಥ ಮಚ್ಚೆ ಕಂಡರೆ ಸುತ್ತ ಲಿಪ್‌ಸ್ಟಿಕ್‌ನಿಂದ ಒಂದು ವೃತ್ತ ಬರೆಯುವುದು. ಆ ವೃತ್ತ ಅಳಿಸದ ಹಾಗೆ ನೇರ ಡಾಕ್ಟರ ಬಳಿ ಹೋಗುವುದು. ಹಿಂದೊಮ್ಮೆ ಕೋರಲ್ ಎಂಬವಳು ಡಾಕ್ಟರ ಮುಂದೆ ಕೂತು, ಯಾವ ಮಚ್ಚೆಗಾಗಿ ಬಂದೆ ಎಂಬುದನ್ನೇ ಮರೆತಿದ್ದಳಂತೆ. ಅಂದಿನಿಂದ ಲಿಪ್‌ಸ್ಟಿಕ್ ಬಂತು.

ನಾನು ಎರಡು ವರ್ಷ ಜಾರಿಕೊಂಡೆ. ಒಂದು ತಿಂಗಳು ತಲೆನೋವು, ಇನ್ನೊಂದು ತಿಂಗಳು ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ. ಈ ಜನವರಿಯಲ್ಲಿ ಡಲ್ಸಿ ಬಾಗಿಲಿಗೇ ಅಡ್ಡ ನಿಂತಳು.

"ಎಲ್ಲಿಗೆ ಹೊರಟಿತು ಮಹಾರಾಣಿ ಸವಾರಿ?"

"ಚರ್ಚಿಗೆ," ಅಂದೆ.

"ಚರ್ಚಿಗಾ? ನೀನಾ? ದೇವ್ರು ಗಾಬರಿ ಬೀಳ್ತಾನೆ ಕಣೇ. ಸುಮ್ನೆ ಟವೆಲ್ ಇಳ್ಸು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ದಾರಿಯಿರಲಿಲ್ಲ. ಸೊಂಟದ ಮೇಲೆ ಕೈಗೆ ಸಿಗುವ ಒರಟು ಕಪ್ಪು ಮಚ್ಚೆಯೊಂದಿದೆ, ನಾಣ್ಯದಷ್ಟು ದೊಡ್ಡದು. ಅದನ್ನೇ ತೋರಿಸಿದೆ. ಡಲ್ಸಿ ಸುತ್ತ ಬರೆದಳು. "ಇಂಥವು ನನ್ ಮೈಮೇಲೆ ರಾಶಿ ಇವೆ, ಹಳೇ ದೋಣಿಗೆ ಚಿಪ್ಪು ಅಂಟ್ಕೊಂಡ ಹಾಗೆ. ಆದ್ರೂ ತೀರ್ಪು ಡಾಕ್ಟರ್ದು," ಅಂದಳು. ಆಮೇಲೆ ಎಡ ಭುಜದ ಕೆಳಗೆ ಬಂದು ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು.

"ಕೋರಲ್, ಬಾ ಇಲ್ಲಿ, ನನ್ ಕಣ್ಣು ಮಂಜು. ಇದರ ಈ ಕಡೆ ಆ ಕಡೆ ಒಂದೇ ಥರ ಇದ್ಯಾ?"

"ಇಲ್ಲ. ಅಂಚೂ ಹರಿದ ಹಾಗಿದೆ. ಬಣ್ಣ ನೋಡು, ಒಂದಲ್ಲ, ಎರಡು," ಅಂದಳು ಕೋರಲ್.

ಮಾರನೆಯ ದಿನ ಎರಡು ವೃತ್ತ ಹೊತ್ತು ಡಾ. ಲಾಮ್ ಬಳಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಹಳ ನಗುತ್ತಾಳೆ. "ಓ, ಕೊಳದವರು! ಈ ತಿಂಗಳು ಯಾರ ಲಿಪ್‌ಸ್ಟಿಕ್ ಇದು? ಬಣ್ಣ ಚೆನ್ನಾಗಿದೆ," ಅಂದಳು. ನಾನು ಹೆದರಿಕೊಂಡಿದ್ದ ದೊಡ್ಡ ಮಚ್ಚೆಯನ್ನು ಭೂತಗನ್ನಡಿಯಲ್ಲಿ ನೋಡಿ, ವಯಸ್ಸಾದವರಿಗೆ ಬರುವಂಥದ್ದು, ತೊಂದರೆಯಿಲ್ಲ ಎಂದಳು. ಎರಡನೆಯದು ಹೆಸರುಕಾಳಿನಷ್ಟಿತ್ತು. ಅದನ್ನು ನೋಡುತ್ತ ನಗು ನಿಲ್ಲಿಸಿದಳು. "ಗ್ಲೆನಿಸ್, ಇದನ್ನ ಇವತ್ತೇ ತೆಗ್ದು ಪರೀಕ್ಷೆಗೆ ಕಳಿಸ್ತೀನಿ."

ಫಲಿತಾಂಶಕ್ಕೆ ಒಂದು ವಾರ ಕಾದೆ ನರೆಲ್. ನಿನಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಮನೆಯ ಕಪಾಟುಗಳನ್ನೆಲ್ಲ ತೊಳೆದೆ, ತೊಳೆದವನ್ನೇ ಮತ್ತೆ ತೊಳೆದೆ. ಲ್ಯಾಮಿಂಗ್ಟನ್ ಕೇಕ್ ಮಾಡಿ ಮಾಡಿ ಬೀದಿಗೆಲ್ಲ ಹಂಚಿದೆ. ಸಾಯುವುದಕ್ಕೆ ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ, ಅದು ಆ ವಾರ ಗೊತ್ತಾಯಿತು. ಆಮೇಲೆ ಲಾಮ್ ಕರೆದು ಹೇಳಿದಳು: ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೌದು, ಆದರೆ ಇನ್ನೂ ಮೇಲ್ಪದರ ಬಿಟ್ಟು ಕೆಳಗಿಳಿದಿಲ್ಲ. ಸುತ್ತ ಇನ್ನಷ್ಟು ಚರ್ಮ ತೆಗೆದರೆ ಸಾಕು. "ಒಂದು ವರ್ಷ ಬಿಟ್ಟು ಬಂದಿದ್ರೆ ನಾವು ಬೇರೆ ಮಾತಾಡಬೇಕಿತ್ತೇನೋ," ಅಂದಳು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು.

ಹೊಲಿಗೆ ಬಿಚ್ಚಿದ ದಿನ ಕೊಳದವರೆಲ್ಲ ಸಿಗಡಿ, ಮಾವಿನಹಣ್ಣು, ಬಾಟಲಿ ಸಮೇತ ಮನೆಗೆ ನುಗ್ಗಿದರು. ಡಲ್ಸಿ ಟೇಬಲ್ ಮೇಲೆ ಕೈ ಕುಟ್ಟಿ, "ಇವಳ ಬೆನ್ನಿಗೆ ಜೈ! ಇಷ್ಟು ದಿನ ಬಚ್ಚಿಟ್ಕೊಂಡಿದ್ದಕ್ಕೆ ಏನೂ ಅಂಥ ಚಂದ ಇರ್ಲಿಲ್ಲ!" ಎಂದು ಲೋಟ ಎತ್ತಿದಳು. ನಾನು ಇಷ್ಟು ನಕ್ಕು ವರ್ಷಗಳಾಗಿದ್ದವು.

ಈಗ ನಿನ್ನ ಸರದಿ. "ನಮ್ಮ ಟಾಸ್ಮೇನಿಯಾದಲ್ಲಿ ಬಿಸಿಲೆಲ್ಲಿದೆ, ನಾನು ಕೋಟು ಬಿಚ್ಚುವುದೇ ಸ್ನಾನಕ್ಕೆ" ಎನ್ನುತ್ತೀಯ, ಕೇಳಿಸುತ್ತಿದೆ. ಮಹಾರಾಯಿತಿ, ನಿನ್ನ ಪಾಲಿನ ಬಿಸಿಲನ್ನು ನೀನು ಹತ್ತನೆಯ ವಯಸ್ಸಿಗೇ ಕುಡಿದು ಮುಗಿಸಿದ್ದೀಯ. ಮೈಬಣ್ಣ ಕಂದಾಗಲಿ ಎಂದು ಕೊಬ್ಬರಿಎಣ್ಣೆ ಬಳಿದುಕೊಂಡು ಮರಳ ಮೇಲೆ ಹಪ್ಪಳದಂತೆ ಕಾಯುತ್ತಿದ್ದೆವು. ರಾತ್ರಿ ಅಮ್ಮ ಉರಿಗೆ ವಿನೆಗರ್ ಹಚ್ಚುತ್ತಿದ್ದಳು. ವಾರ ಕಳೆದ ಮೇಲೆ ಒಬ್ಬರ ಬೆನ್ನಿನಿಂದ ಏಳುವ ಸುಟ್ಟ ಚರ್ಮದ ಸಿಪ್ಪೆಯನ್ನು ಒಬ್ಬರು ಸುಲಿಯುವ ಪಂದ್ಯ, ಹರಿಯದೆ ಉದ್ದಕ್ಕೆ ಬಂದವಳಿಗೆ ಐಸ್‌ಕ್ರೀಮ್. ಆ ಸಿಪ್ಪೆಯನ್ನು ಅಮ್ಮನೇ ಕಿಟಕಿಗೆ ಹಿಡಿದು ನೋಡಿ ಮೆಚ್ಚುತ್ತಿದ್ದಳು! ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು? ಊರಿಗೂರೇ ಹಾಗೆ ಸುಟ್ಟುಕೊಂಡಿತ್ತು. ಮೀನಮೇಷ ಎಣಿಸದೆ ಡಾಕ್ಟರಿಗೆ ತೋರಿಸು.

ನಿನ್ನ ಚೆರ್ರಿ ಮರಗಳು ಹಣ್ಣಿನಿಂದ ಬಾಗಲಿ, ಮಂಡಿನೋವು ಕಡಿಮೆಯಾಗಲಿ, ನೀನು ನನಗಿಂತ ಹೆಚ್ಚು ಕಾಲ ಬಾಳಿ ನನ್ನ ಬೆಳ್ಳಿ ಚಮಚಗಳನ್ನು ನಿನ್ನದಾಗಿಸಿಕೋ.

ನಿನ್ನ ಅಕ್ಕ,
ಗ್ಲೆನಿಸ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂದು ಡಲ್ಸಿಯ ಬೆರಳು ಬೆನ್ನಿಗೆ ತಾಕಿದ ಕೂಡಲೇ, ಅವಳು ಏನನ್ನೂ ಕಾಣುವ ಮೊದಲೇ, ನಾನು ಅತ್ತುಬಿಟ್ಟೆ. ಕ್ಯಾನ್ಸರಿನ ಭಯ ಎಂದುಕೊಂಡು ಎಲ್ಲರೂ ಸಮಾಧಾನ ಮಾಡಿದರು, ನಾನೂ ಹಾಗೇ ಬಿಟ್ಟೆ. ಪ್ರತಿ ಬೆಳಿಗ್ಗೆ ನನ್ನ ಬೆನ್ನಿಗೆ ಬಿಸಿಲಿನ ಕ್ರೀಮ್ ಹಚ್ಚುತ್ತಿದ್ದವನು ಮರ್ವ್. ಅವನು ಹೋದ ಮೇಲೆ ಆ ಬೆನ್ನನ್ನು ಯಾರ ಕೈಯೂ ಮುಟ್ಟಿರಲಿಲ್ಲ. ಬೇರೆ ಕೈ ಬಿದ್ದರೆ ಅವನ ಕೈಯ ನೆನಪು ಅಳಿಸಿಹೋಗುತ್ತದೆ ಎಂದು ಹೆದರಿ ಎರಡು ವರ್ಷ ತಪ್ಪಿಸಿಕೊಂಡೆ. ಅಳಿಸಿಹೋಗಲಿಲ್ಲ ನರೆಲ್.

ಕೀತ್ ನಿನ್ನನ್ನು ಬಿಟ್ಟುಹೋಗಿ ಇಷ್ಟು ವರ್ಷವಾಯಿತು. ನಿನ್ನ ಬೆನ್ನನ್ನು ಯಾರು ನೋಡುತ್ತಾರೆ? ಉತ್ತರ ಬರೆಯಬೇಡ. ವಿಮಾನದ ಟಿಕೆಟ್ ತೆಗೆಸಿದ್ದೇನೆ, ಮಾರ್ಚ್ ಮೊದಲ ಭಾನುವಾರ ನಿನ್ನ ಮನೆಯಲ್ಲಿರುತ್ತೇನೆ. ಬಚ್ಚಲುಮನೆ ಬೆಚ್ಚಗಿಟ್ಟಿರು, ನನ್ನ ಕೈ ತಣ್ಣಗಿರುತ್ತದೆ.