ಐದನೆಯ ಪಾಠದ ಯಜಮಾನರು

ಕುಂದಾಪುರ
೯ ಸೆಪ್ಟೆಂಬರ್ ೨೦೧೨, ಭಾನುವಾರ

ಗಿರಿಜಾಳಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು: ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲಿ ಜಾವಾಸ್ಕ್ರಿಪ್ಟ್ ಕಲಿಸುತ್ತಿರುವ ‘ಟೀಚರಮ್ಮ’ ನೀನೇನಾ? ನಿನ್ನೆ ಸಂಜೆ ನಿನ್ನ ತಂಗಿಯ ಮಗಳು ಅನಿಷಾ ಫೋನಿನಲ್ಲಿ ಹೇಳಿದಾಗಿನಿಂದ ನಾನು ಕಣ್ಣು ಮುಚ್ಚಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ವಯಸ್ಸಲ್ಲ.

ನೀನು ನನ್ನನ್ನು ಇಲ್ಲಿ ಬಿಟ್ಟು ಬ್ರಹ್ಮಾವರದ ನಿಮ್ಮ ಕುಟುಂಬದ ಮನೆಗೆ ಹೋಗಿ ಎರಡು ವರ್ಷವಾಯಿತು. ಅಳಿಯಸಂತಾನದ ನಮ್ಮಲ್ಲಿ ಹೆಂಗಸು ತಾಯಿಯ ಮನೆಯಲ್ಲಿ ಹಕ್ಕಿನಿಂದಲೇ ಇರುತ್ತಾಳೆ. ಹಾಗಾಗಿ ಊರಿನವರು ಯಾರೂ ಕಾರಣ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಅಲ್ಲಿ ಅನಿಷಾಳ ಬಿಸಿಎ ಲೆಕ್ಕಗಳನ್ನು ಬಿಡಿಸಿಕೊಡುತ್ತಾ ಹಾಯಾಗಿದ್ದಾಳೆ ಅಂದುಕೊಂಡಿದ್ದೆ. ಲೋಕಕ್ಕೇ ಪಾಠ ಹೇಳುತ್ತಿದ್ದೀಯೆಂದು ಯಾರಿಗೆ ಗೊತ್ತಿತ್ತು!

ನಾನು ಈ ವಿದ್ಯೆಯ ಬೆನ್ನು ಹತ್ತಿದ್ದಕ್ಕೆ ಪತ್ರಿಕೆಯವರೇ ಹೊಣೆ. ನಮ್ಮ ಬೀದಿಯ ಚರಂಡಿಯ ಬಗ್ಗೆ ೧೯೮೩ರಿಂದ ಬರೆಯುತ್ತಾ ಬಂದವನು ನಾನು. ಕಳೆದ ವರ್ಷ ನನ್ನ ಎರಡು ಪುಟದ ಪತ್ರವನ್ನು ಮೂರು ಸಾಲಿಗೆ ಕತ್ತರಿಸಿ, ನನ್ನ ಹೆಸರನ್ನೂ ತಪ್ಪಾಗಿ ಹಾಕಿದರು. ಇನ್ನು ನನ್ನದೇ ಒಂದು ವೆಬ್ ಪುಟ ಮಾಡುತ್ತೇನೆ, ಜನ ಅಲ್ಲಿಗೆ ಬಂದು ದೂರು ಹೇಳಲಿ, ಪುಟ ಅವರಿಗೆ ಉತ್ತರ ಕೊಡಲಿ ಎಂದು ಹಠ ಹಿಡಿದೆ.

ಕಲಿಯುವುದೆಲ್ಲಿ? ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಅಲ್ಲಿ ಪ್ರೋಗ್ರಾಮನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಕಂಪ್ಯೂಟರ್ ಎಲ್ಲಿ ಎಂದರೆ ಆ ಮೇಷ್ಟ್ರು, “ಮೊದ್ಲ್ ಬಾಯ್‌ಪಾಠ ಆಯ್ಲಿ ಸರ್, ಕಂಪ್ಯೂಟರ್ ಎಲ್ಲಿಗ್ ಓಡಿ ಹೋತ್?” ಎಂದ. ಈಜು ಕಲಿಸುವವನು ನದಿಯ ಚಿತ್ರ ಬರೆಸಿದ ಹಾಗೆ! ಅವನಿಗೆ ಹೇಳಬೇಕಾದ್ದನ್ನು ಹೇಳಿ ಎದ್ದು ಬಂದೆ. ಆಮೇಲೆ ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ತರಿಸಿದೆ. ಹೊದಿಕೆಯ ಮೇಲೆ ‘ಹೊಸಬರಿಗೆ’ ಅಂತಿತ್ತು, ಒಳಗೆ ಇದ್ದದ್ದೆಲ್ಲ ಬಲ್ಲವರಿಗೆ. ಓದುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ, ನಿನಗೆ ಗೊತ್ತು. ಆದರೂ ಎರಡನೆಯ ಅಧ್ಯಾಯದಲ್ಲಿ ಅದು ನನ್ನನ್ನು ದಾರಿಯಲ್ಲೇ ಇಳಿಸಿ ಹೋಯಿತು.

ಕೊನೆಗೆ ನನ್ನ ಪಾಡು ನೋಡಿದ ಸೈಬರ್ ಅಂಗಡಿಯ ನಿತೇಶ್, “ಹ್ವಾಯ್ ಸರ್, ಇಂಗ್ಲಿಷಿನ್ ಹಿಂದೆ ಎಂತಕ್ ಬಿದ್ದಿದ್ರಿ? ಕನ್ನಡ್ದಗೇ ಒಬ್ರ್ ಟೀಚರ್ ಬರೀತ್ರ್, ಕಾಣಿ” ಎಂದು ನಿನ್ನ ಪುಟ ತೆರೆದುಕೊಟ್ಟ.

ಹೇಳದೆ ಇರಲಾರೆ, ಅಂಥ ಪಾಠ ನಾನು ಎಲ್ಲೂ ಓದಿಲ್ಲ. ಒಂದೊಂದೇ ಮೆಟ್ಟಿಲು, ತಪ್ಪಿದರೆ ಬೈಗುಳವಿಲ್ಲ. ನನ್ನ ಮೊದಲ ಪ್ರೋಗ್ರಾಮು ಪರದೆಯ ಮೇಲೆ ನಮಸ್ಕಾರ ಹೇಳಿದಾಗ ನಾನೂ ವಾಪಸು ಕೈ ಮುಗಿದುಬಿಟ್ಟೆ. ನಿತೇಶ್ ನಕ್ಕ. ಈ ವಯಸ್ಸಿನಲ್ಲಿ ಸ್ವಂತ ಹೆಸರಲ್ಲಿ ದಡ್ಡ ಪ್ರಶ್ನೆ ಕೇಳುವುದು ಹೇಗೆಂದು ‘ಶೀನ, ಹಟ್ಟಿಯಂಗಡಿ’ ಎಂಬ ಹೆಸರಿನಲ್ಲಿ ಪಾಠದ ಕೆಳಗೆ ಬರೆದು ಕೇಳುತ್ತಿದ್ದೆ. ಹೌದು, ಆ ಶೀನ ನಾನೇ. ನೀನೂ ಈಗ ಕುರ್ಚಿ ಹಿಡಿದು ಕೂತುಕೋ.

ಐದನೆಯ ಪಾಠಕ್ಕೆ ಬರುತ್ತೇನೆ. ಅಲ್ಲಿ ನೀನು ‘ಯಜಮಾನರು’ ಎಂಬ ತಪ್ಪು ಪ್ರೋಗ್ರಾಮು ಕೊಟ್ಟು, ತಿದ್ದಿ ಎಂದಿದ್ದೆ. ಒಂದು ಪೆಟ್ಟಿಗೆ ಮೂಡಿ, “ಎಂತ ಸಮಾಚಾರ?” ಎಂದು ಕೇಳುತ್ತದೆ. ಉತ್ತರಕ್ಕೆಂದು ಪಾಠದಲ್ಲಿ ನೀನೇ ಕೊಟ್ಟಿದ್ದ ಎರಡು ಮಾತುಗಳಲ್ಲಿ ಮೊದಲು ‘ಊಟಕ್ಕೆ ಬನ್ನಿ’ ಎಂದು ಬರೆದೆ. “ಅದ್ನೆಲ್ಲ ನಾನ್ ಅವತ್ತೇ ಪೇಪರಿಗ್ ಬರ್ದಾಯ್ತ್!” ಎಂದಿತು. ‘ನನಗೆ ಜ್ವರ’ ಎಂದು ಬರೆದೆ. ಅದಕ್ಕೂ, “ಅದ್ನೆಲ್ಲ ನಾನ್ ಅವತ್ತೇ ಪೇಪರಿಗ್ ಬರ್ದಾಯ್ತ್!” ಕೆಳಗೆ ನಿನ್ನ ವಿವರಣೆ: ಯಜಮಾನರು ಕೇಳಿದ್ದೇನೋ ಸರಿ, ಆದರೆ ಉತ್ತರ ತುಂಬಿಕೊಳ್ಳಲು ಪಾತ್ರೆಯನ್ನೇ ಇಟ್ಟಿಲ್ಲ, ಹೇಳಿದ್ದೆಲ್ಲ ನೆಲಕ್ಕೆ ಚೆಲ್ಲಿ ಹೋಗುತ್ತದೆ.

ಗಿರಿಜಾ, ನಾನು ಗಟ್ಟಿಯಾಗಿ ನಕ್ಕೆ. ಸಾಲದ್ದಕ್ಕೆ ಶೀನನ ಹೆಸರಲ್ಲಿ ಬರೆದೆ: “ಈ ಯಜಮಾನರು ಎಂಥ ಮನುಷ್ಯರು ಮೇಡಂ? ಹೆಂಡತಿಗೆ ಜ್ವರ ಎಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಲ್ಲ! ಇಂಥವರಿಗೆ ಮದುವೆ ಯಾಕೆ?” ಪ್ರೋಗ್ರಾಮನ್ನು ತಿದ್ದಿಯೂ ಕಳಿಸಿದೆ. ನೀನು ಉತ್ತರಿಸಿದೆ: “ಸರಿಯಾಗಿದೆ ಶೀನಣ್ಣ. ನೀವಾದರೂ ಗಮನಿಸಿದಿರಲ್ಲ. ನಿಮ್ಮ ಮನೆಯವರು ಅದೃಷ್ಟವಂತರು, ಅವರಿಗೆ ನನ್ನ ನಮಸ್ಕಾರ ಹೇಳಿ.”

ಆ ದಿನವಿಡೀ ನೆಲದ ಮೇಲೆ ಕಾಲಿರಲಿಲ್ಲ. ನಿನ್ನೆ ಅದೇ ಉಬ್ಬಿನಲ್ಲಿ ಅನಿಷಾಳಿಗೆ ಫೋನ್ ಮಾಡಿ, ಒಳ್ಳೆಯ ಪಾಠ ಇದೆ, ಓದಿ ಉದ್ಧಾರವಾಗು ಎಂದು ಉಪದೇಶ ಕೊಟ್ಟೆ. ಅವಳೆಂದಳು: “ದೊಡ್ಡಪ್ಪ, ಅದ್ ದೊಡ್ಡಮ್ಮನ್ ಬ್ಲಾಗ್ ಅಲ್ದಾ! ನಿಮ್ಗ್ ಗೊತ್ತಿಲ್ಯಾ? ಐದ್ನೇ ಪಾಠ ಬಂದ್ ದಿನ ಮನೆಯವ್ರೆಲ್ಲ ನೆಗ್ಯಾಡಿದ್ದೇ ನೆಗ್ಯಾಡಿದ್ದ್.” ನಾನು ಫೋನು ಇಟ್ಟದ್ದು ಹೇಗೆಂದು ನೆನಪಿಲ್ಲ.

ಇದು ನ್ಯಾಯವೇ? ಗಂಡನನ್ನು, ಅವನ ಬಾಯಿಮಾತಿನ ಸಮೇತ, ತಪ್ಪು ಪ್ರೋಗ್ರಾಮು ಮಾಡಿ ಕಂಡಕಂಡವರ ಕೈಯಲ್ಲಿ ತಿದ್ದಿಸುವುದೇ? ಬೆಳಿಗ್ಗೆ ಇದರ ವಿರುದ್ಧ ಕಟುವಾಗಿ ಬರೆಯಲು ಕೂತೆ. ‘ಆ ಜ್ವರದ ಮಾತು ಶುದ್ಧ ಸುಳ್ಳು’ ಎಂದು ಆರಂಭಿಸಿದೆ. ನಿನಗೆ ಜ್ವರ ಬಂದ ಒಂದು ದಿನವನ್ನಾದರೂ ನೆನೆದು, ಗಂಜಿ ಕೊಟ್ಟದ್ದನ್ನೋ ಡಾಕ್ಟರನ್ನು ಕರೆತಂದದ್ದನ್ನೋ ಸಾಕ್ಷಿ ಕೊಡೋಣ ಎಂದರೆ, ಆ ಸಾಲು ಅಲ್ಲಿಂದ ಮುಂದೆ ಹೋಗಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಿನಗೆ ಜ್ವರವೇ ಬಂದಿರಲಿಲ್ಲವೇ? ನನಗೆ ದಿಗಿಲಾಯಿತು. ಬಂದಿತ್ತಾದರೆ ಯಾವಾಗ, ಆ ದಿನ ಯಾರು ನೀರು ಕಾಸಿದರು, ಹೇಳು.

ಇನ್ನೊಂದು ಮಾತು, ನಗಬೇಡ. ಆ ಶೀನನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ಅವನಿಗೆ ನೀನು ಬರೆಯುವಂಥ ಒಂದು ಸಾಲನ್ನೂ ನನಗೆ ಎಂದೂ ಹೇಳಿದವಳಲ್ಲ. ಅವನು ಯಾರೆಂದು ಗೊತ್ತಾಯಿತೆಂದು ಅವನ ಪಾಠ ನಿಲ್ಲಿಸಬೇಡ. ಅವನು ನಿಜವಾಗಿ ಕಲಿಯುತ್ತಿದ್ದಾನೆ.

ಇಂತು,
ಭೋಜರಾಜ

ಮತ್ತೆ: ಕವರಿನ ಮೇಲೆ ಅಂಚೆ ಮುದ್ರೆ ಹುಡುಕಬೇಡ. ಬಸ್ಸು ಹತ್ತಿ ಬಂದು, ಇಷ್ಟನ್ನು ನಿಮ್ಮ ಗೇಟಿನ ಎದುರಿನ ಅಂಗಡಿಯ ಬೆಂಚಿನಲ್ಲಿ ಕೂತು ಸೇರಿಸುತ್ತಿದ್ದೇನೆ. ಅನಿಷಾ ಇದನ್ನು ಒಳಗೆ ತರುತ್ತಾಳೆ. ಒಳಗೆ ಕರೆಯಲೇಬೇಕೆಂದಿಲ್ಲ, ಗೇಟಿನ ಹತ್ತಿರ ಬಂದು ಹೇಳಿದರೂ ಸಾಕು. ಎಷ್ಟು ಹೊತ್ತು ಬೇಕಾದರೂ ಹೇಳು. ಈ ಸಲ ನಾನು ಕೇಳುವುದು ಮಾತ್ರ, ಬರೆಯುವುದಿಲ್ಲ; ನನ್ನ ಪೆನ್ನನ್ನೂ ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.