ನಾಲ್ಕು ಗಂಟೆಗೆ ಹೊರಡುವ ಅನುಮತಿ

ಮುಖ್ಯಸ್ಥರಿಗೆ ನಮಸ್ಕಾರ.

ನಮ್ಮ ಯಜಮಾನರು ಹಾಸಿಗೆ ಹಿಡಿದಾಗ ಬೇಗ ಮನೆಗೆ ಹೋಗಲು ಅನುಮತಿ ಕೇಳಿದ್ದೆ. "ಸರ್ವರ್ ಕೆಲಸ ನಿಲ್ಲದ ಹಾಗೆ ಏನಾದ್ರೂ ದಾರಿ ಮಾಡಿ, ನಾಲ್ಕಕ್ಕೇ ಹೊರಡಿ" ಅಂದಿರಿ. ಅದಕ್ಕೇ ಸರ್ವರ್‌ಗೆ ಕೈಯಾರೆ ಕೊಡುತ್ತಿದ್ದ ಆಜ್ಞೆಗಳನ್ನೆಲ್ಲ ಸ್ಕ್ರಿಪ್ಟಿನಲ್ಲಿ ಮೊದಲೇ ಬರೆದಿಟ್ಟೆ. ಈಗ ಹೊಸ ಸರ್ವರ್‌ಗೆ ಮಾನಿಟರ್ ಕೂಡ ಜೋಡಿಸಬೇಕಿಲ್ಲ. ಸ್ವಿಚ್ ಒತ್ತಿದರೆ ಲಿನಕ್ಸ್ ತಾನಾಗಿ ಇನ್‌ಸ್ಟಾಲ್ ಆಗುತ್ತದೆ, ಅಪ್‌ಡೇಟ್‌ಗಳೂ ಹಾಗೆಯೇ.

ಅದು ಮುಗಿದ ದಿನ ಮನೆಯಲ್ಲಿ ಹೇಳಿದೆ. "ಹಾಗಾದ್ರೆ ಇನ್ಮೇಲೆ ನಿಂಗೇನು ಕೆಲಸ?" ಎಂದು ಯಜಮಾನರು ನಕ್ಕರು.

"ನಿಮ್ಮ ತಲೆ ತಿನ್ನೋದು" ಅಂದೆ.

ಕೊನೆಯವರೆಗೂ ದಿನವೂ ಬಿಸಿಲಿರುವಾಗಲೇ ಬಂದು ಅವರ ಪಕ್ಕ ಕೂರುತ್ತಿದ್ದೆ. ಅದು ನಿಮ್ಮ ಉಪಕಾರ.

ಅವರು ತೀರಿಕೊಂಡ ವಾರವೂ ಅಪ್‌ಡೇಟ್‌ಗಳು ನಿಂತಿರಲಿಲ್ಲ. ಕೆಲಸಕ್ಕೆ ಮರಳಿ ನೋಡಿದಾಗ ಎಲ್ಲವೂ ಸರಿಯಾಗಿತ್ತು.

ನಾಲ್ಕಾಯಿತೆಂದರೆ ಆಫೀಸಿನವರು ಈಗಲೂ "ಅಕ್ಕಾ, ನೀವು ಹೊರಡಿ" ಅನ್ನುತ್ತಾರೆ. ಹೋಗಿ ಬೀಗ ತೆಗೆದು, ಹೆಗಲ ಚೀಲವನ್ನೂ ಇಳಿಸದೆ ಬಾಗಿಲ ಬಳಿಯೇ ಕೂತಿರುತ್ತೇನೆ.

ಆ ಅನುಮತಿಯನ್ನು ದಯವಿಟ್ಟು ರದ್ದುಮಾಡಿ. ಮುಂದಿನ ವಾರ ಬರುವ ಸರ್ವರ್‌ಗಳನ್ನು ನಾನೇ ಒಂದೊಂದಾಗಿ, ಕೈಯಾರೆ ಇನ್‌ಸ್ಟಾಲ್ ಮಾಡುತ್ತೇನೆ. ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಇಂತಿ,
ನಿಮ್ಮ ಸರ್ವರ್ ಕೋಣೆಯವಳು